ಸಾಕ್ಷಿ ಹೇಳಲು ಬಂದ ಗುಂಡುಕಲ್ಲು

ನಂಬೂದಿಲ್ಲ ಅಂತೀರಿ? ಅನ್ರಿ ನೋಡೋಣ! ನಾನು ಮರೋಳದ ಗಂಡು. ಗಡಿಯ ಹಿಮದಲ್ಲಿ ಮದ್ದುಗುಂಡಿನ ಪೆಟ್ಟಿಗೆ ಹೊತ್ತು ಬೆನ್ನು, ಮೊಣಕಾಲು ಎರಡನ್ನೂ ಅಲ್ಲೇ ಕೆಡಿಸಿಕೊಂಡು ಬಂದವನು. ಈ ಬ್ಯಾನಿ ಮಿಲಿಟರಿಯದೇ ಅಂತ ಸಾಬೀತಾದರೆ ಪಿಂಚಣಿ, ಇಲ್ಲದಿದ್ದರೆ ಬರಿಗೈ. ಅದರ ಬೆನ್ನು ಹತ್ತಿದಾಗಿನಿಂದ ನಂಬಲಾಗದಂಥವು ನಡೆಯುತ್ತಲೇ ಇವೆ.

ಹಿಂದೆ ಬರುವಾಂವ

ನಾನು ಒಬ್ಬನೇ ಓಣಿಯಲ್ಲಿ ನಡೆದರೂ ಲಟಕ್, ಲಟಕ್ ಅಂತ ಇನ್ನೊಬ್ಬ ಹಿಂದೆ ಬಂದಂತೆ ಕೇಳುತ್ತಿತ್ತು. ನಿಂತರೆ ಅದೂ ನಿಲ್ಲುತ್ತಿತ್ತು. ನಾಯಿಗಳು ನನ್ನ ಹಿಂದಿನ ಖಾಲಿ ಜಾಗ ನೋಡಿ ಬೊಗಳುತ್ತಿದ್ದವು. ಅವ್ವ ದೆವ್ವ ಬಿಡಿಸುವವನನ್ನು ಕರೆಸಿದಳು.

"ಯಾರಲೇ ನೀನು? ಇದ್ರ ಸಪ್ಪಳಾ ಮಾಡು!" ಅಂತ ಅವನು ಗದರಿದ.

ನಾನು ಒಂದು ಬಸ್ಕಿ ಹೊಡೆದೆ. ಮೊಣಕಾಲು ಸಿಡಿದ ಸಪ್ಪಳಕ್ಕೆ ಓಡಿದವನು ಚಪ್ಪಲಿಗೂ ತಿರುಗಿ ಬರಲಿಲ್ಲ.

ಊರ ಹೊಗಳಿಕೆ

ನವನಗರದ ಸೈನಿಕರ ಆಫೀಸಿಗೆ ತನಿಖೆಗೆ ಬಂದ ಮಿಲಿಟರಿ ಡಾಕ್ಟರ್, "ಸೇನೆಗೆ ಸೇರುವ ಮೊದಲು ಇವನ ಬೆನ್ನು ಹೇಗಿತ್ತು?" ಎಂದರು.

ನಮ್ಮೂರ ಗೌಡಜ್ಜ ಮೀಸಿ ತಿರುವಿದ. "ಹೆಂಗಂದ್ರ? ಊರ ಅಗಸಿ ಬಾಗಲ ಮುಂದಿನ ಗುಂಡುಕಲ್ಲು ಎತ್ತಿ ಹೆಗಲ ಮ್ಯಾಲಿಂದ ಒಗದಾಂವ್ರಿ ಇಂವಾ!"

"ಹಾಗಾದರೆ ಬೆನ್ನು ಆ ಕಲ್ಲೆತ್ತಿದಾಗಲೇ ಹೋಗಿದೆ, ಸೇನೆಯಲ್ಲಲ್ಲ."

"ಅಜ್ಜಾ, ಸುಮ್ಕಿರು," ಅಂದೆ.

"ಯಾಕ ಸುಮ್ಕಿರ್ಲಿ? ನಾಳಿ ಕಲ್ಲs ತರ್ತೇನ್ರಿ ಸಾಹೇಬ್ರ!"

ಪಿಂಚಣಿ ಮುಳುಗಿತು, ಕೀರ್ತಿ ತೇಲಿತು.

ಬಾಗಿಲಲ್ಲಿ ಕುಂತದ್ದು

ಮರುದಿನ ಕಲ್ಲಿಗೆ ಕುಂಕುಮ ಹಚ್ಚಿ ಟ್ರ್ಯಾಕ್ಟರಿನಲ್ಲಿ ತಂದು ಆಫೀಸಿನ ಗೇಟಿನ ಹೊರಗೆ ಇಳಿಸಿದೆವು. ಚಾ ಕುಡಿದು ಬಂದರೆ ಅದು ಡಾಕ್ಟರ ಕೋಣೆಯ ಬಾಗಿಲಲ್ಲಿ ಕುಂತಿತ್ತು, ಕುಂಕುಮ ಸಮೇತ. ಅಂಗಳದ ಮಣ್ಣಿನಲ್ಲಿ ಉರುಳಿದ ಗುರುತಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು.

"ಯಾರ್ರೀ ಇದನ್ನ ತಂದಿಟ್ಟಿದ್ದು?" ಒಳಗೆ ಸಿಕ್ಕಿಬಿದ್ದ ಡಾಕ್ಟರ್ ಕೂಗಿದರು.

"ಯಾರೂ ಇಲ್ರಿ," ಅಂದ ಗೌಡಜ್ಜ. "ಸಾಕ್ಷಿ ಹೇಳಾಕ ಅದs ಬಂದಿರಬೇಕು."

ನಮ್ಮ ಹುಡುಗರೆಲ್ಲ ಕೂಡಿ ನೂಕಿದರೂ ಅಲುಗಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ಮಾನ ಬಿಡಲಾದೀತೇ? ಬಗ್ಗಿದೆ. ಬೆನ್ನು ಲಟಕ್ ಅಂದು ಅಲ್ಲೇ ಹಿಡಿದುಕೊಂಡಿತು. ಹಿಂದಿನ ಖಾಲಿ ಪಡಸಾಲೆಯಿಂದಲೂ ಒಂದು ಲಟಕ್ ಬಂತು.

ಕತ್ತಲಲ್ಲಿ ಡಾಕ್ಟರ ದನಿ ಸಣ್ಣಗಾಯಿತು. "ಈ ಕಲ್ಲು ಎತ್ತಿದ ಮೇಲೆ ತಾನೇ ನಮ್ಮವರು ಇವನ ಮೈ ಪರೀಕ್ಷೆ ಮಾಡಿ ಸೇರಿಸಿಕೊಂಡಿದ್ದು?"

"ಹೌದ್ರಿ. ಏನೂ ಐಬಿಲ್ಲ ಅಂದಿದ್ರು," ಅಂದೆ.

"ಹಾಗಾದರೆ ಕೆಟ್ಟದ್ದು ನಮ್ಮಲ್ಲೇ. ಬರೀತೀನಿ, ಬರೀತೀನಿ! ಮೊದಲು ಅದಕ್ಕೆ ಹೋಗೋಕೆ ಹೇಳ್ರೀ!"

ಸಹಿ ಬಿದ್ದ ಮೇಲೆ ಗೌಡಜ್ಜ ಕೋಲಿನಿಂದ ತಿವಿದ. ಕಲ್ಲು ತಾನೇ ಉರುಳಿತು.

ನನಗೆ ಅಂಗವೈಕಲ್ಯ ಪಿಂಚಣಿ ಮತ್ತು ಒಂದು ಊರುಗೋಲು ಕೊಟ್ಟರು.