ಡಬ್ಬಿಯ ಮೇಲೊಂದು ಚಿತ್ರ

ದ್ರವ ಸಾಬೂನು ತಯಾರಿಸುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಡಬ್ಬಣ್ಣ ಎಂದೇ ಕರೆಯುತ್ತಿದ್ದರು. ಅವನು ಡಬ್ಬಿ ಮಾಡುತ್ತಿದ್ದುದು ತಗಡಿನಲ್ಲಲ್ಲ, ಕಂಪ್ಯೂಟರಿನ ಪರದೆಯ ಮೇಲೆ. ಒಂದೊಂದು ಡಬ್ಬಿಗೆ ಒಂದೊಂದು ಕೆಲಸ. ಒಂದು ಪಂಪು ಓಡಿಸುತ್ತದೆ, ಇನ್ನೊಂದು ಬಿಸಿ ಎಷ್ಟಿದೆಯೆಂದು ನೋಡುತ್ತದೆ, ಮತ್ತೊಂದು ಕವಾಟ ತೆರೆಯುತ್ತದೆ. ಡಬ್ಬಿಯಿಂದ ಡಬ್ಬಿಗೆ ಗೆರೆ ಎಳೆದು ಜೋಡಿಸಿದರೆ ಅದೇ ಪ್ರೋಗ್ರಾಮ್. ಕೆಳಗೆ ಯಂತ್ರಗಳು ಹೇಳಿದಂತೆ ಕೇಳುತ್ತವೆ. ಡಬ್ಬಿಗಳೇನೋ ಕೆಲಸದಲ್ಲಿ ಚಿನ್ನ. ನೋಡಲು ಮಾತ್ರ ಎಲ್ಲವೂ ಒಂದೇ ಥರ, ಬೂದು ಬಣ್ಣದ ಬೋಳು ಚೌಕ.

ಆವತ್ತಿನ ರಾಮಾಯಣ ಶುರುವಾದದ್ದು ಅದರಿಂದಲೇ. ಬೆಳಿಗ್ಗೆ ಆಪರೇಟರ್ ಅಕ್ಕ 'ತಣ್ಣಗಾಗುವವರೆಗೆ ತಡೆ' ಎನ್ನುವ ಡಬ್ಬಿ ಜೋಡಿಸಬೇಕಾದಲ್ಲಿ ಪಕ್ಕದ 'ಮುಂದಕ್ಕೆ ಬಿಡು' ಡಬ್ಬಿ ಜೋಡಿಸಿಬಿಟ್ಟರು. ಕುದಿಯುವ ಸಾಬೂನು ನೇರವಾಗಿ ಪ್ಲಾಸ್ಟಿಕ್ ಬಾಟಲಿಗಳಿಗೆ ಇಳಿಯಿತು. ಬಾಟಲಿಗಳು ಊಟವಾದ ಮೇಲಿನ ಮೀಟಿಂಗಿನಲ್ಲಿ ಕೂತವರಂತೆ ಒಂದರ ಮೇಲೊಂದು ಒರಗಿಕೊಂಡವು. ಮೊಣಕಾಲುದ್ದ ನೊರೆ.

ಆ ನೊರೆಯಲ್ಲಿ ಒಂದು ಬೂಟು ಕಳೆದುಕೊಂಡ ಮ್ಯಾನೇಜರ್ ಕುಂಟುತ್ತಾ ಬಂದು ಡಬ್ಬಣ್ಣನ ಮುಂದೆ ನಿಂತರು.

"ನಿಮ್ಮ ಡಬ್ಬಿಗಳಿಗೆ ಮುಖ ಮೂತಿ ಏನಾದ್ರೂ ಇದೆಯೇನ್ರೀ?"

"ಕೆಲಸ ಮಾಡ್ತವಲ್ಲ ಸಾರ್..."

"ಮಾಡಿದ್ದನ್ನ ಈಗ ತಾನೇ ನೋಡ್ಕೊಂಡು ಬಂದೆ! ನಾಲ್ಕು ಗಂಟೆಗೆ ಹೆಡ್ಡಾಫೀಸಿಂದ ಮೇಡಂ ಬರ್ತಾರೆ. ಅಷ್ಟರೊಳಗೆ ಆ ತಡೆಯೋ ಡಬ್ಬಿ ಮೇಲೆ ಒಂದು ಚಿತ್ರ ಬರೀಬೇಕು. ನೋಡಿದ ತಕ್ಷಣ ಅರ್ಥ ಆಗ್ಬೇಕು. ಆಗ್ಲಿಲ್ವೋ, ನಾಳೆಯಿಂದ ಕೆಳಗೆ ಬಾಟ್ಲಿಗೆ ಲೇಬಲ್ ಅಂಟಿಸ್ತಾ ಕೂತ್ಕೊಳ್ಳಿ."

ಡಬ್ಬಣ್ಣನಿಗೆ ಚಿತ್ರಕಲೆ ಎಂದರೆ ಕೈಕಾಲು ತಣ್ಣಗಾಗುತ್ತಿತ್ತು. ಶಾಲೆಯಲ್ಲಿ ಅವನು ಬರೆದ ಹಸುವನ್ನು ನೋಡಿ ಮೇಷ್ಟ್ರು "ಮಂಚ ಚೆನ್ನಾಗಿದೆ" ಎಂದು ಪಾಸು ಮಾಡಿದ್ದರು. ಈಗಲೋ, ಚಿತ್ರಕ್ಕೆ ಇದ್ದ ಜಾಗ ಮೂವತ್ತೆರಡು ಚುಕ್ಕಿ ಅಗಲ, ಮೂವತ್ತೆರಡು ಚುಕ್ಕಿ ಎತ್ತರ. ಉಗುರಿನಷ್ಟು. ಒಂದೊಂದೇ ಚುಕ್ಕಿಯನ್ನು ಕಪ್ಪು ಮಾಡುತ್ತಾ ಎರಡು ಗಂಟೆ ಕೂತು ಒಂದು ಅಂಗೈ ಬರೆದ. ನಿಲ್ಲು ಎನ್ನುವಾಗ ಎಲ್ಲರೂ ಅಂಗೈ ತೋರಿಸುವುದಿಲ್ಲವೇ?

ಬೇಡದ ಕಡೆಯೆಲ್ಲ ತಲೆ ಹಾಕುವುದರಲ್ಲಿ ಹೆಸರಾದ ಸ್ಟೋರ್ ಕೀಪರ್ ಭುಜದ ಮೇಲಿಂದ ಇಣುಕಿದ. "ಏನ್ ಡಬ್ಬಣ್ಣ, ಬಾಚಣಿಗೆನಾ?"

"ಕೈ ಕಣಯ್ಯಾ!"

"ಕೈಯಾ? ಪಾಪ, ಯಾರಿಗೆ ಏನಾಯ್ತು?"

ಡಬ್ಬಣ್ಣನಿಗೆ ಅನುಮಾನ ಬಂತು. ಅದರ ಫೋಟೋ ಹೊಡೆದು ಹೆಂಡತಿಗೆ ಕಳಿಸಿದ. ಮರುಕ್ಷಣವೇ ಫೋನು ಬಂತು. "ರೀ, ಇದಕ್ಕೆ ಆರು ಬೆರಳಿದೆ. ಯಾರದ್ದು ಇದು? ಡಾಕ್ಟರಿಗೆ ತೋರಿಸಿದ್ರಾ?"

ಒಂದು ಬೆರಳು ಅಳಿಸಲು ಹೋಗಿ ಹೆಬ್ಬೆರಳೇ ಹೋಯಿತು. ಕೈಯ ಆಸೆ ಬಿಟ್ಟು ಮುಚ್ಚಿದ ಗೇಟು ಬರೆದ. ಬೆಳಗಿನ ತಪ್ಪಿಗೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ ಆಪರೇಟರ್ ಅಕ್ಕ ಕನ್ನಡಕ ಏರಿಸಿ ನೋಡಿದರು.

"ಏಣಿ ಚೆನ್ನಾಗಿದೆ ತಮ್ಮಾ. ಯಾಕೆ ಮಲಗಿಸಿದ್ದೀಯ? ನನ್ನ ಕೇಳಿದ್ರೆ, ಆಮೆ ಬರಿ. ಆತುರ ಬೇಡ ಅನ್ನೋದು ಯಾರಿಗಾದ್ರೂ ತಿಳಿಯುತ್ತೆ."

ಅಕ್ಕನ ಮಾತು ಮೀರಲಾಗದೆ ಆಮೆ ಬರೆದ. ಬೆನ್ನೇನೋ ಬಂತು. ತಲೆ ಕಾಲುಗಳಿಗೆ ಚುಕ್ಕಿ ಸಾಲದೆ ಅವು ಒಳಗೇ ಉಳಿದವು. ಸುಸ್ತಾಗಿದ್ದ ಡಬ್ಬಣ್ಣ ಅದನ್ನು ಉಳಿಸಿಕೊಳ್ಳುವ ಅವಸರದಲ್ಲಿ ಯಾವ ಗುಂಡಿ ಒತ್ತಿದನೋ, ಆಮೆ ಕಾರ್ಖಾನೆಯ ಎಲ್ಲ ಪರದೆಗಳ ಮೇಲೂ ಮೂಡಿಬಿಟ್ಟಿತು.

ಹತ್ತು ನಿಮಿಷದಲ್ಲಿ ಸ್ಟೋರ್ ಕೀಪರ್ ಏದುಸಿರು ಬಿಡುತ್ತಾ ಓಡಿ ಬಂದ. "ಡಬ್ಬಣ್ಣ, ಏನಪ್ಪಾ ಮಾಡ್ದೆ? ಎಲ್ರೂ ಹೆಲ್ಮೆಟ್ ಹಾಕ್ಕೊಳ್ಳಿ ಅಂತ ಆರ್ಡರ್ ಬಂದಿದೆಯಂತೆ! ಅರವತ್ತು ಜನ ಬಾಗಿಲಲ್ಲಿ ನಿಂತಿದ್ದಾರೆ, ನನ್ನ ಹತ್ರ ಇರೋದು ಹನ್ನೊಂದು. ಅಲ್ಲಿ ಕೈ ಕೈ ಮಿಲಾಯಿಸ್ತಿದ್ದಾರೆ!"

ಗಡಿಯಾರದಲ್ಲಿ ನಾಲ್ಕಕ್ಕೆ ಐದು ನಿಮಿಷ. ಡಬ್ಬಣ್ಣನ ತಲೆಯಲ್ಲಿ ಬಾಚಣಿಗೆ, ಏಣಿ, ಹೆಲ್ಮೆಟ್ಟು ಎಲ್ಲ ಕಲಸಿಹೋಗಿದ್ದವು. ತನ್ನ ಕೈಯೇ ತನಗೆ ಬಾಚಣಿಗೆಯಂತೆ ಕಾಣುತ್ತಿತ್ತು. ಹಾಳಾಗಿ ಹೋಗಲಿ ಎಂದು ಎಲ್ಲವನ್ನೂ ಅಳಿಸಿ, ಆ ಉಗುರಿನಷ್ಟು ಜಾಗದಲ್ಲಿ ದಪ್ಪಗೆ ಎರಡು ಅಕ್ಷರ ಬರೆದ: ತಡಿ.

ಮ್ಯಾನೇಜರ್ ಒಳಗೆ ಬಂದವರೇ, ಕಾಲಲ್ಲಿದ್ದ ಯಾರದೋ ಚಪ್ಪಲಿ ಎಳೆಯುತ್ತಾ, ದೂರದಿಂದಲೇ ಕೇಳಿದರು. "ಏನ್ರೀ ಬರೆದ್ರಿ?"

"ತಡಿ, ಸಾರ್."

"ಯಾರಿಗೆ ಹೇಳ್ತಿದ್ದೀರಿ ತಡಿ ಅಂತ?"

"ಅಯ್ಯೋ, ನಿಮಗಲ್ಲ ಸಾರ್, ಸಾಬೂನಿಗೆ."

"ಸಾಬೂನು ಆಮೇಲೆ. ಚಿತ್ರದಲ್ಲಿ ಏನಿದೆ ಹೇಳಿ."

"ತಡಿ."

"ಮತ್ತೆ ಅದೇ! ನಾಲಿಗೆ ಉದ್ದ ಆಯ್ತು ನಿಮ್ಮದು!"

ಆಪರೇಟರ್ ಅಕ್ಕ ಪರದೆಯತ್ತ ಬೆರಳು ತೋರಿಸಿದರು. ಮ್ಯಾನೇಜರ್ ಬಗ್ಗಿ ನೋಡಿ ತಲೆ ಮೇಲೆ ಕೈ ಹೊತ್ತರು. "ಚಿತ್ರ ಬರೀರಿ ಅಂದ್ರೆ ಅಕ್ಷರ ಬರೆದಿದ್ದೀರಲ್ರೀ! ಮೇಡಂ ನಮ್ಮ ಮಾತು ಕಲ್ತಿದ್ದಾರೆ, ಅಕ್ಷರ ಒಂದೂ ಬರಲ್ಲ. ಅಳಿಸಿ, ಅಳಿಸಿ!"

ಅಷ್ಟರಲ್ಲಿ ಬಾಗಿಲು ತೆರೆಯಿತು. ಮೇಡಂ ನೇರವಾಗಿ ಪರದೆಯ ಮುಂದೆ ಬಂದು ನಿಂತರು.

"ಯಾರು ಬರೆದದ್ದು ಇದು?"

ಡಬ್ಬಣ್ಣ ಕೈ ಎತ್ತಲೋ ಬೇಡವೋ ಎಂಬಂತೆ ಅರ್ಧ ಎತ್ತಿದ.

"ಅದ್ಭುತ!" ಎಂದರು ಮೇಡಂ. "ಈ ದುಂಡಗಿರೋದು ಟ್ಯಾಂಕು. ಒಳಗಡೆ ಸುತ್ತಿಕೊಂಡಿರೋದು ತಣ್ಣಗೆ ಮಾಡೋ ಪೈಪು. ಪಕ್ಕದ್ದರ ತಲೆ ಮೇಲೆ ಉಂಗುರ ಇದೆಯಲ್ಲ, ಅದು ಮುಚ್ಚಿದ ಕವಾಟ. ತಣ್ಣಗಾಗೋವರೆಗೆ ಬಿಡಬೇಡ ಅಂತ! ಒಂದೇ ಒಂದು ಅಕ್ಷರ ಇಲ್ಲದೆ ಹೇಗೆ ಹೇಳಿದ್ದೀರಿ!"

ಡಬ್ಬಣ್ಣ ಬಾಯಿ ತೆರೆದ. ಮ್ಯಾನೇಜರ್ ಅವನ ಕಾಲು ತುಳಿದು, "ಹೌದು ಮೇಡಂ, ಕವಾಟ ಹಾಕಿ ಅಂತ ನಾನೇ ಹೇಳ್ಕೊಟ್ಟಿದ್ದು" ಎಂದರು.

ಮೇಡಂ ಗೋಡೆಯ ಬಿಳಿ ಹಲಗೆ ತೋರಿಸಿ ಡಬ್ಬಣ್ಣನ ಕೈಗೆ ಪೆನ್ನು ಕೊಟ್ಟರು. "ಈಗ ಇದಕ್ಕೆ ವಿರುದ್ಧವಾದದ್ದು ಬರೀರಿ ನೋಡೋಣ. ಮುಂದಕ್ಕೆ ಬಿಡು ಅನ್ನೋದು."

ಡಬ್ಬಣ್ಣ ಮ್ಯಾನೇಜರ್ ಮುಖ ನೋಡಿದ, ಅಕ್ಕನ ಮುಖ ನೋಡಿದ. ಬೇರೆ ದಾರಿ ಕಾಣದೆ 'ಬಿಡು' ಎಂದು ಬರೆದ.

ಮೇಡಂ ಚಪ್ಪಾಳೆ ತಟ್ಟಿದರು. "ಉಂಗುರ ಆ ಕಡೆ ಸರಿದಿದೆ, ಈ ಟ್ಯಾಂಕಿಗೆ ಬಾಲ ಬಂದಿದೆ. ಸಾಬೂನು ಹೊರಗೆ ಹರೀತಿದೆ! ಇಂಥವರನ್ನ ಇಲ್ಲಿ ಕೂರಿಸಿಕೊಂಡಿದ್ದೀರಾ? ಸೋಮವಾರದಿಂದ ಇವರು ಹೆಡ್ಡಾಫೀಸಿಗೆ ಬರಲಿ. ಒಂಬತ್ತು ಕಾರ್ಖಾನೆಯ ನಾಲ್ಕು ನೂರು ಡಬ್ಬಿಗೂ ಇವರೇ ಚಿತ್ರ ಬರೀಬೇಕು."

ಮೇಡಂ ಅವರನ್ನು ಕಾರಿನವರೆಗೆ ಬೀಳ್ಕೊಡಲು ಹೋಗುವಾಗ ಡಬ್ಬಣ್ಣನ ಕಾಲು ನೆಲದ ಮೇಲಿರಲಿಲ್ಲ, ಹೆದರಿಕೆಗೆ. ಇದು ಬಡ್ತಿಯೋ ಶಿಕ್ಷೆಯೋ ಅವನಿಗೆ ತಿಳಿಯಲಿಲ್ಲ. "ನಾಲ್ಕು ನೂರು ಎಲ್ಲಿಂದ ತರ್ಲಿ ಸಾರ್?" ಎಂದು ಪಿಸುಗುಟ್ಟಿದ.

"ಕಾಗುಣಿತ ಇಲ್ವೇನ್ರೀ? ಒತ್ತಕ್ಷರ ಬೇರೆ ಇದೆ. ನಾನಿದ್ದೀನಿ, ಧೈರ್ಯವಾಗಿ ಹೋಗಿ" ಎಂದು ಮ್ಯಾನೇಜರ್ ಅವನ ಹೆಗಲ ಮೇಲೆ ಕೈ ಹಾಕಿದರು.

ಕಾರು ಹತ್ತಿದ ಮೇಡಂ ಗಾಜು ಇಳಿಸಿ ನಕ್ಕರು. "ಹೊಸ ಜಾಗ ಅಂತ ಹೆದರ್ಬೇಡಿ. ಅಲ್ಲಿ ನಿಮ್ಮ ಚಿತ್ರಗಳನ್ನ ನೋಡಿ ಒಪ್ಪಿಗೆ ಕೊಡೋ ಸಾಹೇಬರು ನಿಮ್ಮ ಭಾಷೆಯವರೇ. ದಿನಾ ಬೆಳಿಗ್ಗೆ ನಿಮ್ಮ ಭಾಷೆಯ ಪೇಪರ್ ಓದದೆ ಕಾಫಿನೇ ಮುಟ್ಟಲ್ಲ."

ಮ್ಯಾನೇಜರ್ ಹೆಗಲ ಮೇಲಿನ ಕೈ ತೆಗೆದರು. ಎರಡು ಹೆಜ್ಜೆ ದೂರ ಸರಿದು, ಕಾರಿನ ಕಿಟಕಿಗೆ ಬಗ್ಗಿ ವಿನಯದಿಂದ ಹೇಳಿದರು: "ಮೇಡಂ, ಒಂದು ಮಾತು. ಆ ಚಿತ್ರಗಳೆಲ್ಲ ಪೂರ್ತಿ ಇವರ ಸ್ವಂತದ್ದು. ನಾನು ಏನೇನೂ ಹೇಳ್ಕೊಟ್ಟಿಲ್ಲ."