ಮಾವನವರನ್ನು ದೋಣಿಯಲ್ಲಿ ಊಟಕ್ಕೆ ಕರೆದೊಯ್ದದ್ದು

ದೋಣಿ ನಡೆಸುವುದು ಕಷ್ಟ ಎನ್ನುವವರು ನಮ್ಮ ಸಾಹೇಬರನ್ನು ನೋಡಿಲ್ಲ. ಆಗಿನ್ನೂ ಬ್ರಿಟಿಷರ ಕಾಲ. ಘಟಪ್ರಭಾ ಹತ್ತಿರ ಹೊಳೆಗೆ ಕಟ್ಟಿದ ಒಡ್ಡಿನ ಬಾಜೂಕ್ಕೇ ಕಾಲುವೆ ಕಚೇರಿ, ಅದರಲ್ಲಿ ನಾನು ಕಾರಕೂನ. ರವಿವಾರ ಬಂತೆಂದರೆ ಸಾಹೇಬರು, ಮೇಮ್‌ಸಾಹೇಬರು, ಅವರ ಗೆಳೆಯರು ಹಿನ್ನೀರಿನ ಮೇಲೆ ಹುಟ್ಟು ಹಾಕುತ್ತ ಹೋಗಿ, ಮೇಲಿನ ದಂಡೆಯಲ್ಲಿ ಊಟ ಮುಗಿಸಿ, ಹಾಡುತ್ತ ತಿರುಗಿ ಬರುತ್ತಿದ್ದರು. ಇದನ್ನು ನಾನು ಕಚೇರಿಯ ಕಿಟಕಿಯಿಂದ ಎರಡು ವರ್ಷ ನೋಡಿದ್ದೆ. ನೋಡಿ ನೋಡಿ ಆ ವಿದ್ಯೆ ನನಗೆ ಬಂದೇಬಿಟ್ಟಿದೆ ಎಂದು ಖಾತ್ರಿಯಾಗಿತ್ತು. ಕೈಯಲ್ಲಿ ಹುಟ್ಟು ಹಿಡಿಯುವುದೊಂದೇ ಬಾಕಿ!

ಅಂಥದ್ದರಲ್ಲಿ ಮಾವನವರು ಬರುವ ಸುದ್ದಿ ಬಂತು. ಮಾವನವರಿಗೆ ಕಲ್ಲೋಳಿಯಲ್ಲಿ ಬೆಲ್ಲದ ಅಂಗಡಿ. ಗಂಡುಮಕ್ಕಳಿಲ್ಲ. ಅಳಿಯ ಬಂದು ಗಾದಿಯ ಮೇಲೆ ಕೂಡುತ್ತಾನೆಂದು ನಂಬಿ ಮಗಳನ್ನು ಕೊಟ್ಟಿದ್ದರು. ನಾನು ಸರಕಾರಿ ನೌಕರಿ ಹಿಡಿದೆ. ಅಂದಿನಿಂದ ಅವರು ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಹೆಂಡತಿ ಚಂಪಾ ಎಷ್ಟು ಸಲ ಹೇಳಿ ಕಳಿಸಿದ್ದಳೋ ಏನೋ, ಕಡೆಗೆ ಒಪ್ಪಿದ್ದರು. ಮುಂಜಾನೆ ಚಕ್ಕಡಿಯಲ್ಲಿ ಬಂದು, ಮಗಳ ಮನೆಯಲ್ಲಿ ಊಟ ಮಾಡಿ, ಸಂಜೆಗೆ ಊರಿಗೆ ಹೊರಡುವುದು. ಆ ಒಂದು ಊಟದ ಸಲುವಾಗಿ ಚಂಪಾ ಹಿಂದಿನ ದಿನದಿಂದಲೇ ಕಡಲೆಬೇಳೆ ಆರಿಸುತ್ತಿದ್ದಳು.

"ಮನ್ಯಾಗ ಉಣ್ಣೋದು ಇದ್ದದ್ದ ಐತಿ. ಮಾವಾರನ್ನ ದೋಣ್ಯಾಗ ಕರಕೊಂಡ ಹೋಗಿ ಹೊಳಿ ದಂಡಿ ಖಾನಾವಳ್ಯಾಗ ಊಟ ಮಾಡಸ್ತೇನಿ. ಸಾಹೇಬರಂಗ," ಎಂದೆ.

ಚಂಪಾ ಮೊರ ಕೆಳಗಿಟ್ಟಳು. "ಅಲ್ರಿ, ಎರಡ ವರ್ಷದ ಮ್ಯಾಲೆ ನಮ್ಮಪ್ಪ ಬರಾಕತ್ತಾನ. ನನ್ನ ಕೈಲೆ ಒಂದ ತುತ್ತ ಉಣ್ಣಲಿ ಅಂತ ನಾ ಬಡಕೊಳ್ಳಾಕತ್ತೇನಿ. ಉಣ್ಣದ ಹೋದರ ಮಂದಿ ಏನಂದಾರು? ಸಿಟ್ಟ ಇನ್ನೂ ಇಳಿದಿಲ್ಲ ಅಂತಾರ."

"ಸರಕಾರಿ ನೌಕರಿ ಅಂದರೇನು ಅಂತ ಅವರಿಗೂ ಗೊತ್ತಾಗಲಿ. ಸಂಜಿಗೆ ಹೋಳಿಗಿ ತಿಂತಾರ, ಬಿಡ."

ಸಾಹೇಬರು ಬೆಳಗಾವಿಗೆ ಹೋಗಿದ್ದರು, ಅವರ ದೋಣಿ ದಂಡೆಯಲ್ಲಿ ಖಾಲಿ ಇತ್ತು. ದೋಣಿ ಕಾಯುವ ಹುಸೇನಸಾಬನನ್ನು ಮೊದಲೇ ವಿಚಾರಿಸಿದ್ದೆ. ಮೇಲೆ ಹುಣಸೆಮರದ ಕೆಳಗೆ ಒಂದು ಖಾನಾವಳಿ ಇದೆ, ಅಲ್ಲಿ ಉಂಡವರು ಬೆರಳು ಚೀಪುತ್ತಾರೆ ಎಂದಿದ್ದ. ಇನ್ನೇನು ಬೇಕು?

ಮಾವನವರು ಬಂದರು. ಬಸದಿಯ ದರ್ಶನವಾಗದೆ ಅವರು ಬಾಯಲ್ಲಿ ನೀರು ಹಾಕುವವರಲ್ಲ. ದರ್ಶನವಾದ ಮೇಲೂ ಮಗಳ ಮನೆಯಲ್ಲೇ ಉಣ್ಣಬೇಕೆಂದು ಖಾಲಿ ಹೊಟ್ಟೆಯಲ್ಲೇ ಬಂದಿದ್ದರು. ನಾನು ದೋಣಿಯ ವಿಷಯ ಹೇಳಿದಾಗ ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು. ಅಳಿಯನ ಮಾತು ತೆಗೆದುಹಾಕಬಾರದೆಂದು ಎದ್ದರು. ಇರುವೆ ಗಿರುವೆ ಇದ್ದಾವೆಂದು ದೋಣಿಯ ಹಲಗೆಯನ್ನು ಧೋತರದ ಸೆರಗಿನಿಂದ ಮೆಲ್ಲಗೆ ಝಾಡಿಸಿ ಕುಳಿತರು.

ನಾನು ಎದುರಿನ ಹಲಗೆಯ ಮೇಲೆ, ಹೋಗುವ ದಿಕ್ಕಿಗೆ ಮುಖ ಮಾಡಿ ಕುಳಿತೆ. ಚಕ್ಕಡಿ ಹೊಡೆಯುವವನು ಎತ್ತಿಗೆ ಬೆನ್ನು ಮಾಡಿ ಕೂಡುತ್ತಾನೆಯೇ? ಎರಡೂ ಹುಟ್ಟು ಹಿಡಿದು ಜೋರಾಗಿ ಎಳೆದೆ. ದೋಣಿ ಹೊರಟಿತು.

ಸ್ವಲ್ಪ ಹೊತ್ತಿನ ಮೇಲೆ ಮಾವನವರು ಬಹಳ ಮರ್ಯಾದೆಯಿಂದ ಕೇಳಿದರು: "ಅಳಿಯಂದ್ರ, ಖಾನಾವಳಿ ಒಡ್ಡಿನ ಕಡೆ ಐತೇನ್ರಿ?"

"ಇಲ್ರಿ ಮಾವಾರ, ಮ್ಯಾಲ ಐತಿ."

"ಮತ್ತ ಒಡ್ಡ ಹತ್ರ ಬರಾಕತ್ತೈತಲ್ರಿ."

ಸಾಹೇಬರು ಬೆನ್ನು ಮುಂದೆ ಮಾಡಿ ಕೂಡುವುದು ಮೇಮ್‌ಸಾಹೇಬರ ಮುಖ ನೋಡುವುದಕ್ಕೆಂದು ನಾನು ತಿಳಿದಿದ್ದೆ. ಕಾರಣ ಬೇರೆ ಇತ್ತು: ಹುಟ್ಟು ಎಳೆದರೆ ದೋಣಿ ಹೋಗುವುದು ಬೆನ್ನಿನ ಕಡೆಗೆ! ಇಬ್ಬರೂ ತೆವಳುತ್ತ ಜಾಗ ಬದಲಿಸಿದೆವು. ಈಗ ದೋಣಿ ಮೇಲಕ್ಕೇ ಹೊರಟಿತು, ಆದರೆ ದಾರಿ ಕಾಣುವುದು ಮಾವನವರಿಗೆ ಮಾತ್ರ. ಅವರು ಹಾದಿ ಹೇಳುವುದೆಂದೂ, ನಾನು ಎಳೆಯುವುದೆಂದೂ ಠರಾವಾಯಿತು. "ಬಲಕ್ಕ" ಎಂದರು. ಬಲಕ್ಕೆ ತಿರುಗಿಸಿದೆ. ಅದು ನನ್ನ ಬಲ, ಅವರ ಎಡ. ಎದುರುಬದುರು ಕುಳಿತವರಿಗೆ ಎರಡು ಬಲ ಇರುತ್ತವೆಂಬ ಸಂಗತಿ ನಮ್ಮಿಬ್ಬರ ತಲೆಗೂ ಹೊಳೆಯುವಷ್ಟರಲ್ಲಿ ಆಚೆ ದಂಡೆಯ ಕಲ್ಲುಗಳನ್ನೆಲ್ಲ ಒಮ್ಮೊಮ್ಮೆ ಮುಟ್ಟಿ ಬಂದಿದ್ದೆವು.

ಹುಣಸೆಮರ ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ನನ್ನ ಅಂಗೈಗಳಲ್ಲಿ ಬೊಬ್ಬೆ ಎದ್ದಿದ್ದವು. ಅಷ್ಟರಲ್ಲಿ ಗಾಳಿಯಲ್ಲಿ ಒಂದು ವಾಸನೆ ಬಂತು. ಮಾವನವರು ಧೋತರದ ಸೆರಗು ಮೂಗಿಗೆ ಒತ್ತಿಕೊಂಡರು. ಮರದ ಕೆಳಗೆ ದೊಡ್ಡ ಬಾಣಲೆ, ಅದರಲ್ಲಿ ಮೀನು ಚುರುಗುಟ್ಟುತ್ತಿತ್ತು. ಬಾಜೂಕ್ಕೆ ಸೆರೆಯ ಗಡಿಗೆಗಳು.

ನಾವು ಜೈನರು, ನಮ್ಮ ವಂಶದಲ್ಲಿ ಉಳ್ಳಾಗಡ್ಡಿ ಹೆಚ್ಚಿದವರೇ ಇಲ್ಲ. ಹೊಳೆಯ ದಂಡೆಯ ಖಾನಾವಳಿಯಲ್ಲಿ ಏನು ಬೇಯಿಸುತ್ತಾರೆಂದು ಕೇಳಬೇಕೆಂಬುದು ನನಗೆ ಹೊಳೆದೇ ಇರಲಿಲ್ಲ. ಹೊಳೆ ದಂಡೆಯಲ್ಲಿ ಒಲೆ ಹೂಡಿದವನು ಹೀರೇಕಾಯಿ ಹಿಡಿಯಲು ಗಾಳ ಹಾಕುತ್ತಾನೆಯೇ?

"ಬರ್ರಿ ಅಣ್ಣಾರ, ಈಗ ಹಿಡಿದದ್ದ," ಎಂದ ಖಾನಾವಳಿಯವ, ಜೀವಂತ ಮೀನೊಂದನ್ನು ಎತ್ತಿ ತೋರಿಸುತ್ತ.

ಮಾವನವರು ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳಲು ಶುರುಮಾಡಿದರು. ನಾನು ದೋಣಿ ತಿರುಗಿಸಿದೆ. ತಪ್ಪಿಲ್ಲದೆ ತಿರುಗಿಸಿದ್ದೆಂದರೆ ಅದೊಂದೇ ಸಲ.

ತಿರುಗಿ ಬರುವಾಗ ಗಾಳಿ ಎದ್ದಿತು. ನಾನು ಎಳೆದದ್ದು ಒಂದು ಕಡೆ, ದೋಣಿ ಹೋದದ್ದು ಇನ್ನೊಂದು ಕಡೆ. ನಮ್ಮ ದಂಡೆ ಕಣ್ಣಳತೆಯಲ್ಲಿರುವಾಗಲೇ ಜೊಂಡು ಹುಲ್ಲಿನ ನಡುವೆ ಹೋಗಿ ಸಿಕ್ಕಿಬಿದ್ದೆವು. ಹುಟ್ಟು ಎತ್ತಿದರೆ ಹುಲ್ಲು, ಹಾಕಿದರೆ ಹುಲ್ಲು. ಹೊತ್ತು ಇಳಿಯತೊಡಗಿತು. ನಾನು ಇನ್ನೂ ಜೋರಾಗಿ ಹುಟ್ಟು ಹಾಕಿದೆ. ಯಾಕೆಂದರೆ ಹೊತ್ತು ಮುಳುಗಿದ ಮೇಲೆ ಮಾವನವರು ಉಣ್ಣುವವರಲ್ಲ. ನಾವ್ಯಾರೂ ಉಣ್ಣುವುದಿಲ್ಲ. ನಾನು ಸಂಜೆಗೆ ಹೋಳಿಗೆ ಎಂದದ್ದು ಬೆಳಕಿದ್ದಾಗಿನ ಲೆಕ್ಕ.

ಆಗ ದಂಡೆಯ ಮೇಲೆ ಚಂಪಾ ಕಾಣಿಸಿದಳು. ದಾರಿ ಕಾಯ್ದು ಕಾಯ್ದು ಹಿತ್ತಾಳೆಯ ಡಬ್ಬಿಯಲ್ಲಿ ಊಟ ಕಟ್ಟಿಕೊಂಡು ಹೊಳೆಗೇ ಬಂದಿದ್ದಳು. ಸೂರ್ಯನನ್ನು ನೋಡುವಳು, ನಮ್ಮನ್ನು ನೋಡುವಳು. ಕಡೆಗೆ ಸೀರೆ ಎತ್ತಿ ಕಟ್ಟಿ, ಡಬ್ಬಿ ತಲೆಯ ಮೇಲಿಟ್ಟುಕೊಂಡು ಕೆಸರಿಗೇ ಇಳಿದಳು.

"ಬರಬ್ಯಾಡ ಯವ್ವಾ, ಜಾರತೈತಿ. ಅಲ್ಲೇ ನಿಂದರು," ಎಂದರು ಮಾವನವರು. ನನಗೆ ಸಾಹೇಬರೂ ಬೇಡ, ಸರಕಾರವೂ ಬೇಡ ಅನಿಸಿತು. ಇಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ದೇವರ ಮೇಲೆ ಭಾರ ಹಾಕಿ ನೀರಿಗೆ ಹಾರಿದೆ.

ನೀರು ಮೊಣಕಾಲುಮಟ್ಟ ಇತ್ತು!

ದೋಣಿಯನ್ನು ಎಮ್ಮೆಯಂತೆ ದಬ್ಬುತ್ತ ದಂಡೆಗೆ ತಂದೆ. ಚಂಪಾ ಡಬ್ಬಿಯ ಮುಚ್ಚಳ ತೆಗೆಯುವುದಕ್ಕೂ ಸೂರ್ಯ ಗುಡ್ಡದ ಹಿಂದೆ ಹೋಗುವುದಕ್ಕೂ ಸರಿಹೋಯಿತು. ತೆಗೆದ ಮುಚ್ಚಳವನ್ನು ಮತ್ತೆ ಹಾಕಿದಳು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮಾವನವರು ಮಗಳ ತಲೆಯ ಮೇಲೆ ಕೈಯಿಟ್ಟರು. "ಅಳಬ್ಯಾಡ ಚಂಪವ್ವ. ಮುಂಜಾನಿಂದ ಒಂದ ಕಾಳ ಬಾಯಾಗ ಹೋಗಿಲ್ಲ. ಇದನ್ನ ಉಪವಾಸ ಅಂತ ಹಿಡಿತೇನಿ. ಉಪವಾಸ ಹಿಡಿದ ಮ್ಯಾಲೆ ಪಾರಣಿ ಆಗದ ಹೆಂಗ ಹೋಗಲಿ? ನಾಳೆ ನಿನ್ನ ಕೈಲೆ ಉಪವಾಸ ಬಿಡತೇನಿ. ಚಕ್ಕಡಿ ಕೊಳ್ಳ ಹರಿದ ಎತ್ತ ಕಟ್ಟಾಕ ಹೇಳ."

ಚಂಪಾ ಅಳುತ್ತಲೇ ನಕ್ಕಳು. ಒಂದು ಊಟಕ್ಕೆ ಬಂದ ತಂದೆ ರಾತ್ರಿ ಮಗಳ ಮನೆಯಲ್ಲಿ ಉಳಿದರು. ಉಪವಾಸ ಮಾಡಿದವರಿಗೆ ಪಾರಣೆ ಬಡಿಸುವುದೆಂದರೆ ನಮ್ಮಲ್ಲಿ ದೊಡ್ಡ ಪುಣ್ಯ. ಮರುದಿನ ಬಸದಿಯಿಂದ ಬಂದ ಮಾವನವರನ್ನು ಮಣೆಯ ಮೇಲೆ ಕೂಡಿಸಿ, ಚಂಪಾ ಹೊಸದಾಗಿ ಹೋಳಿಗೆ ಮಾಡಿ, ತುಪ್ಪ ಸುರಿದು ಬಡಿಸಿದಳು. ಅವರು ಬೇಡ ಎನ್ನದೆ ಉಂಡರು.

ನಾನು ದೂರದಲ್ಲಿ ನಿಂತು ಮನಸ್ಸಿನಲ್ಲೇ ಬೀಗುತ್ತಿದ್ದೆ. ಹೇಗಾದರೂ ಆಗಲಿ, ಎರಡು ವರ್ಷದ ಸಿಟ್ಟು ನನ್ನ ದೋಣಿಯಿಂದಲೇ ಇಳಿಯಿತಲ್ಲ! ಕೈ ತೊಳೆದು ಬಂದ ಮಾವನವರು ನನ್ನ ಬೊಬ್ಬೆ ಎದ್ದ ಕೈಗಳನ್ನು ಹಿಡಿದುಕೊಂಡರು.

"ಅಳಿಯಂದ್ರ, ಎರಡ ವರ್ಷ ನಿಮ್ಮ ಮ್ಯಾಲೆ ಸುಳ್ಳ ಸಿಟ್ಟ ಮಾಡಿದ್ನಿ. ನೀವು ಸರಕಾರದ ನೌಕರೀನ ಮಾಡ್ರಿ. ನಿಮ್ಮನ್ನ ನನ್ನ ಅಂಗಡ್ಯಾಗ ಕುಂಡ್ರಿಸಿದ್ದರ..." ಎಂದು ಅಷ್ಟಕ್ಕೇ ನಿಲ್ಲಿಸಿ, ಬಸದಿಯ ಕಡೆಗೆ ತಿರುಗಿ, ಭಕ್ತಿಯಿಂದ ಕೈ ಮುಗಿದರು.