ಎತ್ತು ಕಟ್ಟದ ಭಾನುವಾರ

೧೯೫೨ನೆಯ ಇಸವಿ, ಮಾಘ ಮಾಸದ ಒಂದು ಭಾನುವಾರ. ಸಮಯ ಬೆಳಗ್ಗೆ ಐದು ಗಂಟೆ ನಲವತ್ತು ನಿಮಿಷ. ಸ್ಥಳ ಕೊಳ್ಳೇಗಾಲದ ನಮ್ಮ ಮನೆಯ ಮುಂದಿನ ಬೀದಿ. ಹಾಜರಿದ್ದವರು ನಾನು, ನನ್ನ ಹೆಂಡತಿ ಗೌರಮ್ಮ, ಅವಳ ಅಣ್ಣ ಮಧುವನಹಳ್ಳಿಯ ಪುಟ್ಟಮಲ್ಲಪ್ಪನವರು, ಒಂದು ಜೀಪು ಮತ್ತು ಒಂದು ತೆಪ್ಪ.

ಹೀಗೆ ಬರೆದುಕೊಳ್ಳದೆ ನನಗೆ ಏನನ್ನೂ ಶುರು ಮಾಡಲು ಬರುವುದಿಲ್ಲ. ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ತಾರೀಖು, ಗಂಟೆ ಒತ್ತದೆ ಒಂದು ಕಾರ್ಡನ್ನೂ ಮುಂದಕ್ಕೆ ಬಿಟ್ಟವನಲ್ಲ. ನಿವೃತ್ತನಾದ ಮೇಲೂ ನಾಲ್ಕೂವರೆಗೆ ಏಳುವುದು, ಐದಕ್ಕೆ ಸ್ನಾನ, ಆರಕ್ಕೆ ಗಡಿಯಾರಕ್ಕೆ ಕೀಲಿ. ಆರೂಕಾಲಿನ ಹೊತ್ತಿಗೆ ಇಡೀ ದಿನದ ಕೆಲಸ ಮುಗಿದು, ರಾತ್ರಿಯಾಗುವುದನ್ನೇ ಕಾಯುತ್ತ ಕುಳಿತಿರುತ್ತಿದ್ದೆ. ಗೌರಮ್ಮ ಕೆಲವು ತಿಂಗಳು ನೋಡಿದಳು. ಒಂದು ದಿನ ಎದುರಿಗೇ ಬಂದು ನಿಂತು, "ಊರೋರ ಕಾಗ್ದನೆಲ್ಲ ಸೀಮೆ ದಾಟಿಸುದ್ರಿ. ಕಟ್ಕಂಡೋಳ್ನ ಒಂದ್ ದಿನ ಅನೂರು ದಾಟಿಸ್ನಿಲ್ಲ" ಎಂದಳು. ಅದು ದೂರಲ್ಲ, ತೀರ್ಪು.

ಜೀಪು ಬಂದದ್ದು ಹಾಗೆ. ಯುದ್ಧ ಮುಗಿದ ಮೇಲೆ ದಂಡಿನವರು ಹರಾಜು ಹಾಕಿದ ಜೀಪುಗಳಲ್ಲಿ ಒಂದು ಹಲವು ಕೈ ದಾಟಿ ನನಗೂ ಭಾವ ಪುಟ್ಟಮಲ್ಲಪ್ಪನವರಿಗೂ ಜಂಟಿಯಾಗಿ ದಕ್ಕಿತು. ವಾರದ ಆರು ದಿನ ಅದು ಅವರ ರೇಷ್ಮೆಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೊರುತ್ತಿತ್ತು, ಭಾನುವಾರ ನಮ್ಮನ್ನು ಹೊರುತ್ತಿತ್ತು. ಮೇಲಿನ ಕ್ಯಾನ್ವಾಸು ಹರಿದುಹೋಗಿದ್ದರಿಂದ ಗೌರಮ್ಮ ಬಿದಿರು ಹೆಣೆದ ದುಂಡನೆಯ ತೆಪ್ಪವೊಂದನ್ನು ಕೊಂಡು ಅದನ್ನೇ ಬೋರಲು ಹಾಕಿಸಿದಳು. ದಾರಿಯಲ್ಲಿ ಚಾವಣಿ, ಹೊಳೆಯಲ್ಲಿ ದೋಣಿ. ನಾವು ಬರುವುದನ್ನು ದೂರದಿಂದ ಕಂಡವರು ಬುಟ್ಟಿಯೊಂದು ತಾನೇ ಸಂತೆಗೆ ಹೊರಟಿದೆ ಎಂದುಕೊಳ್ಳುತ್ತಿದ್ದರಂತೆ.

ಭಾವನವರಿಗೆ ಭಾನುವಾರವೂ ಜೀಪು ಬೇಕಾಗಿತ್ತು. "ಉಳಕ್ಕೆ ಬಾನುವಾರ ಇಲ್ಲ ಬಾವ, ಅವು ಏಳು ದಿನಾನೂ ತಿಂತವೆ" ಎನ್ನುತ್ತಿದ್ದರು. ಈ ಮಾತಿಗೆ ಉತ್ತರವಿತ್ತು. ಎತ್ತಿನ ಮಾತಿಗೆ ಇರಲಿಲ್ಲ. ಮೂರು ಭಾನುವಾರಗಳಲ್ಲಿ ಮೂರು ಸಲ ನಮ್ಮ ಜೀಪು ಹೂತು, ಮೂರು ಜೊತೆ ಎತ್ತುಗಳು ಎಳೆದಿದ್ದವು. ಯಳಂದೂರಿನ ಗದ್ದೆ ಬದುವಿನಲ್ಲಿ ಮೈಸೂರು ಸೀಮೆಯ ಎತ್ತು, ಕಾಮಗೆರೆಯ ಕೆರೆಯಂಗಳದಲ್ಲಿ ಎರಡು ಸಲ, ನಮ್ಮ ಸೀಮೆ ಆಗ ಮದ್ರಾಸಿಗೆ ಸೇರಿದ್ದರಿಂದ, ಕೋಯಮತ್ತೂರು ಜಿಲ್ಲೆಯ ಎತ್ತು. ಎರಡು ಸರ್ಕಾರಗಳ ಎತ್ತುಗಳಿಂದ ಎಳೆಸಿಕೊಂಡ ನಿವೃತ್ತ ನೌಕರ ನಮ್ಮ ಭಾಗದಲ್ಲಿ ನಾನೊಬ್ಬನೇ ಇರಬೇಕು.

ಕೊನೆಗೆ ಒಂದು ಕರಾರಾಯಿತು. ಈ ಭಾನುವಾರ ಭಾವನವರೂ ಜೊತೆಗೆ ಬರುವುದು. ಅಂಬಿಗನನ್ನು ಕರೆಯದೆ ನಾವು ಕಾವೇರಿಯ ನಡುಗಡ್ಡೆಗೆ ಹೋಗಿ ಬರಬೇಕು. ಎತ್ತು ಕಟ್ಟಿಸದೆ ಹನೂರಿನಾಚೆಯ ಮರಳುಹಳ್ಳ ದಾಟಿ ಹಿಂದಿರುಗಬೇಕು. ಗೆದ್ದರೆ ಭಾನುವಾರ ಶಾಶ್ವತವಾಗಿ ನಮ್ಮದು. ಸೋತರೆ ಜೀಪು ಏಳು ದಿನವೂ ಸೊಪ್ಪಿಗೆ. ಗೌರಮ್ಮ ಆ ವಾರವೆಲ್ಲ ನೆನಪಾದದ್ದನ್ನು ಒಂದೊಂದಾಗಿ ಚೀಲಕ್ಕೆ ತುಂಬಿದಳು. ಅವಳಿಗೆ ಇದು ಆಟವಾಗಿರಲಿಲ್ಲ.

ಹೊಳೆಯ ದಡಕ್ಕೆ ನಿಗದಿಯಂತೆ ಆರೂವರೆಗೆ ತಲುಪಿದೆವು. ತೆಪ್ಪ ಇಳಿಯಲಿಲ್ಲ. ಹಿಂದಿನ ಸಂಜೆ ಅದನ್ನು ಬಿಗಿದವನು ನಾನು, ಹಾಕಿದ್ದು ಟಪಾಲು ಚೀಲದ ಗಂಟು. ಆ ಗಂಟಿನ ಹೆಚ್ಚುಗಾರಿಕೆಯೇ ನಡುದಾರಿಯಲ್ಲಿ ಯಾರಿಗೂ ಬಿಚ್ಚಲು ಬಾರದಿರುವುದು. ಅಂಥವು ಹನ್ನೊಂದು. ನಾನು ಉಗುರು ಮುರಿದುಕೊಂಡು ಎಳೆದಾಡುತ್ತಿದ್ದರೆ ಭಾವನವರು ಜೀಪಿಗೆ ಒರಗಿಕೊಂಡು, "ಅರಗು ಒಂದ್ ಒತ್ತುಬುಟ್ಟಿದ್ರೆ ಮದ್ರಾಸ್‌ಗಂಟ ಓಗ್ಬೋದಾಗಿತ್ತು" ಎಂದರು. ಗೌರಮ್ಮ ಚೀಲದಿಂದ ಕುಡುಗೋಲು ತೆಗೆದು ಹಗ್ಗವನ್ನು ನಾಲ್ಕು ಕಡೆ ಕತ್ತರಿಸಿ, "ಬಟವಾಡೆ ಆಯ್ತು, ಇಳಿಸ್ರಿ" ಎಂದಳು.

ಮೊದಲು ಹುಟ್ಟು ಹಿಡಿದವನು ನಾನೇ. ತೆಪ್ಪ ದುಂಡಗಿರುವುದರಿಂದ ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ವಿಳಾಸವಿಲ್ಲದ ಈ ವಸ್ತುವನ್ನು ನನ್ನ ಮನಸ್ಸು ಇವತ್ತಿಗೂ ಒಪ್ಪಿಲ್ಲ. ಒಂದೇ ಬದಿಯಲ್ಲಿ ಲೆಕ್ಕ ತಪ್ಪದೆ ಹುಟ್ಟು ಹಾಕಿದೆ. ಲೆಕ್ಕ ತಪ್ಪದೆ ಸುತ್ತಿದೆವು.

"ಬಾವ, ಆ ಉಣಸೆ ಮರ ಇದು ಮೂರ್ನೇ ಸಲ ಬತ್ತಾದೆ" ಎಂದರು ಭಾವನವರು, ಎರಡೂ ಕೈಯಲ್ಲಿ ಅಂಚು ಹಿಡಿದುಕೊಂಡು.

"ಕೊಡಿ ಇತ್ತಗೆ" ಎಂದು ಗೌರಮ್ಮ ಹುಟ್ಟು ಕಿತ್ತುಕೊಂಡಳು. ಹೊಳೆಯ ದಡದ ಅಜ್ಜಿಯ ಮನೆಯಲ್ಲಿ ಬೆಳೆದ ಹುಡುಗಿ ಅವಳು. ಸೆರಗು ಸಿಕ್ಕಿಸಿ, ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕುಳಿತು, ಬಲಕ್ಕೊಮ್ಮೆ ಎಡಕ್ಕೊಮ್ಮೆ ನೀರನ್ನು ತನ್ನ ಕಡೆಗೆ ಎಳೆದುಕೊಂಡಳು. ತೆಪ್ಪ ನೇರವಾಗಿ ಹೊರಟಿತು. ಐವತ್ತೈದು ವರ್ಷದ ನನ್ನ ಹೆಂಡತಿಯ ಬೆನ್ನನ್ನು ನೋಡುತ್ತ ನನಗೆ ಏನೋ ಹೇಳಬೇಕೆನಿಸಿತು. ಗಡಿಯಾರ ನೋಡಿ, "ಏಳು ಐವತ್ತು" ಎಂದೆ. ನಡುಗಡ್ಡೆಯಲ್ಲಿ ರೊಟ್ಟಿ ತಿಂದು, ನೆನೆಯದೆ ಹಿಂದಿರುಗಿದೆವು.

"ನೀರು ನನ್ ತಂಗೀದು, ಒಪ್ದೆ" ಎಂದರು ಭಾವನವರು. "ಮರಳು ನಿಮ್ದು ಬಾವ. ನೋಡವ."

ಮಧುವನಹಳ್ಳಿ, ಕಾಮಗೆರೆ, ಹನೂರು ದಾಟಿದೆವು. ತಿರುವು ಬಂದಲ್ಲೆಲ್ಲ ನಾನು ಕೈ ಹೊರಗೆ ಚಾಚಿ ಸೂಚನೆ ಕೊಟ್ಟೆ. ನೋಡಿದವು ಆಡುಗಳು ಮಾತ್ರ. ಹಳ್ಳದಲ್ಲಿ ನೀರಿರಲಿಲ್ಲ, ಮೊಣಕಾಲುದ್ದ ಮರಳಿತ್ತು. ಬಂದ ವೇಗದಲ್ಲೇ ನುಗ್ಗಿ ಆಚೆ ದಡ ಹತ್ತಿದೆವು. ಅಲ್ಲಿಯೇ ಊಟ. ಗೌರಮ್ಮ ಅಣ್ಣನಿಗೆ ಎರಡು ಮುದ್ದೆ ಬಡಿಸಿದಳು, ಗೆಲ್ಲುವವರು ಬಡಿಸುವ ಹಾಗೆ.

ಹಿಂದಿರುಗುವಾಗ ಆದದ್ದನ್ನು ಮುಚ್ಚಿಡುವುದಿಲ್ಲ. ಹತ್ತು ಮೈಲಿಗೊಮ್ಮೆ ಗಾಡಿ ನಿಲ್ಲಿಸಿ ಎಂಜಿನ್ನಿನ ನೀರು ನೋಡುವುದು ನನ್ನ ನಿಯಮ. ಆ ದಿನ ಹತ್ತನೆಯ ಮೈಲಿ ಹಳ್ಳದ ನಟ್ಟನಡುವೆ ತುಂಬಿತು. ನಿಲ್ಲಿಸಿದೆ.

"ಇಲ್ಲೇನ್ರೀ?" ಎಂದಳು ಗೌರಮ್ಮ.

"ಹತ್ತು ಮೈಲಿ" ಎಂದೆ.

ಎಂಜಿನ್ನಿನ ನೀರು ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಜೀಪು ಮಾತ್ರ ಅಲ್ಲಿಂದ ಕದಲಲಿಲ್ಲ. ಇದ್ದ ಗೇರನ್ನೆಲ್ಲ ಹಾಕಿದೆ, ಹಿಂದಿನ ಚಕ್ರಗಳು ಬಾವಿ ತೋಡಿದವು. ಮರಳು ಬಗೆದೆವು, ಸೊಪ್ಪು ಹಾಸಿದೆವು. ದಡದ ಹೊಂಗೆ ನೆರಳಿನಲ್ಲಿ ಮಾರ್ಟಳ್ಳಿ ಕಡೆಯ ಗಾಡಿಯವನೊಬ್ಬ ಎತ್ತು ಬಿಚ್ಚಿ ಬೀಡಿ ಸೇದುತ್ತಿದ್ದ. ಒಳ್ಳೆಯ ಎತ್ತುಗಳು, ಹೊಟ್ಟೆ ತುಂಬಿದವು. "ಕಟ್ಲಾ ಸಾ? ಒಂದೇ ಜಗ್ಗು" ಎಂದ.

"ಕಟ್ಟಪ್ಪ, ಕಟ್ಟು! ಕೇಳದೇನು?" ಎಂದು ಭಾವನವರು ಮದುವೆ ಮನೆಯ ಯಜಮಾನರಂತೆ ಎದ್ದರು.

"ಮುಟ್ಬ್ಯಾಡ ಕಣಪ್ಪ" ಎಂದಳು ಗೌರಮ್ಮ. "ನಮ್ಗೇನೂ ಅವಸರ ಇಲ್ಲ." ನೆರಳಿಗೆ ಹೋಗಿ ಚಾಪೆ ಬಿಡಿಸಿ, ಎಲೆಅಡಿಕೆ ಚೀಲ ತೆರೆದಳು.

ಮೂರು ಗಂಟೆಯಾಯಿತು. ಭಾವನವರು ಸೂರ್ಯನನ್ನು ನೋಡತೊಡಗಿದರು. ಅವರ ಮನೆಯಲ್ಲಿ ಹುಳು ಹಣ್ಣಾಗುವ ಹೊತ್ತು. ಹಣ್ಣಾದ ಹುಳುವನ್ನು ಕೂಡಲೇ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ತಡವಾದರೆ ಅದು ಯಾರಿಗೂ ಕಾಯದೆ ಸೊಪ್ಪಿನ ಕಸದಲ್ಲೇ ನೂಲು ಸುರಿದು ಹಾಳು ಮಾಡುತ್ತದೆ.

"ಗೌರಿ, ಒತ್ತಾಯ್ತದೆ ಕಣವ್ವ."

"ಆಗ್ಲಿ ಬುಡಣ್ಣ, ತಂಪಾಗದೆ ಇಲ್ಲಿ."

"ನನ್ ಉಳ ಅಣ್ಣಾಯ್ತವೆ ಕಣೇ! ಎತ್ತು ಕಟ್ಸು ಅಂದ್ರೆ!"

"ಕಟ್ಸಕಿಲ್ಲ. ಅಷ್ಟು ಅವಸರ ಇದ್ರೆ ನೀನೇ ಎಗಲು ಕೊಡು."

ಭಾವನವರು ಎತ್ತುಗಳನ್ನು ನೋಡಿದರು, ತಂಗಿಯನ್ನು ನೋಡಿದರು, ಸೂರ್ಯನನ್ನು ನೋಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ ಜೀಪಿನ ಬೆನ್ನಿಗೆ ಹೆಗಲು ಕೊಟ್ಟರು. ಗೌರಮ್ಮ ಬಂದು ನನ್ನ ಪಕ್ಕದಲ್ಲಿ ಕುಳಿತಳು. ಎಂಜಿನ್ನು ಅಬ್ಬರಿಸಿತು, ಭಾವನವರು ಅದಕ್ಕಿಂತ ಜೋರಾಗಿ ಮಾದಪ್ಪನನ್ನು ಕೂಗಿದರು, ಜೀಪು ಒಮ್ಮೆ ನಡುಗಿ ಛಂಗನೆ ನೆಗೆದು ದಡ ಹತ್ತಿತು. ನಾನು ತಿರುಗಿ ನೋಡುವಾಗ ಭಾವನವರು ಮರಳಿನಲ್ಲಿ ಸಾಷ್ಟಾಂಗ ಮಲಗಿದ್ದರು.

ಎದ್ದವರೇ, "ಇದು ನಡಿಯಕಿಲ್ಲ!" ಎಂದರು.

"ಯಾಕ್ ನಡಿಯಲ್ಲ? ಎತ್ತು ಕಟ್ಬಾರ್ದು ಅಂತಿದ್ದು ಮಾತು. ಎತ್ತು ಎಲ್ಲಿ ಕಟ್ಟುದ್ವಿ? ನಿನ್ನೇ ಎತ್ತು ಅಂತೀಯಾ? ಅಂಗೇ ಯೋಳ್ಬುಡು, ಸೋತೆ ಅಂತೀನಿ."

ಗಾಡಿಯವನು ಬೀಡಿ ಕೆಳಗಿಟ್ಟು, "ನಾನ್ ಸಾಕ್ಷಿ ಸಾ. ನನ್ ಎರಡು ಎತ್ತೂ ಇಲ್ಲೇ ಅವೆ" ಎಂದ. ಭಾವನವರು ಮೈಮೇಲಿನ ಮರಳು ಕೊಡವಿಕೊಂಡು ಜೀಪು ಹತ್ತಿದರು. ಭಾನುವಾರ ನಮ್ಮದಾಯಿತು. ಮಧುವನಹಳ್ಳಿಯವರೆಗೂ ನಾನು ನೇರವಾಗಿ ಕುಳಿತು, ಮಂತ್ರಿಯೊಬ್ಬರನ್ನು ಕೂರಿಸಿಕೊಂಡವನಂತೆ ಓಡಿಸಿದೆ. ಕಷ್ಟದ ಜಾಗದಲ್ಲಿ ಗಾಡಿ ಎತ್ತಬೇಕಾದರೆ ಕೈ ಹದವಾಗಿರಬೇಕು ಎಂದು ದಾರಿಯಲ್ಲಿ ಎರಡು ಸಲ ವಿವರಿಸಿದೆ.

ಭಾವನವರ ಮನೆ ತಲುಪಿದಾಗ ಹುಳುಗಳು ಹಣ್ಣಾಗಿದ್ದವು. ಭಾವನವರಿಗೆ ಬೆನ್ನು ಬಗ್ಗದು. ಅವರು ಜಗಲಿಯ ಮೇಲೆ ಕುಳಿತು ಅಪ್ಪಣೆ ಕೊಟ್ಟರು, ಗೌರಮ್ಮನೂ ನಾನೂ ತಟ್ಟೆಗಳ ಮೇಲೆ ಬಗ್ಗಿ ಹುಳು ಆರಿಸಿದೆವು. ಅವಳು ಹಿಡಿ ಹಿಡಿಯಾಗಿ, ನಾನು ಒಂದೊಂದಾಗಿ, ಸಾಲು ಕೆಡದಂತೆ.

"ರೀ" ಎಂದಳು ಮೆಲ್ಲಗೆ. "ನಿಮ್ ಕಾಲ್ತಾವ ಒಂದ್ ಸಣ್ಣ ಗೇರು ಅದಲ್ಲ, ನೀವ್ ಯಾವತ್ತೂ ಮುಟ್ದೇ ಇರೋದು. ಅಣ್ಣ ತಳ್ವಾಗ ಅದುನ್ನ ಎಳುದ್ಬುಟ್ಟೆ. ಎಲ್ಲಾ ಗೇರೂ ಆಯ್ತಲ್ಲ, ಇದೂ ಒಂದ್ ಆಗ್ಲಿ ಅಂತ. ಮುಂದಿನ ಚಕ್ರಾನೂ ತಿರುಗ್ತು ಕಣ್ರಿ."

ಜೀಪು ತಂದ ದಿನ ಮೆಕ್ಯಾನಿಕ್ಕು ಅದನ್ನು ತೋರಿಸಿ ಏನೋ ಹೇಳಿದ್ದ. ನಾನು ಅದನ್ನು ಮೀಸಲು ಎಂದು ತೀರ್ಮಾನಿಸಿದ್ದೆ. ಮೂರು ಜೊತೆ ಎತ್ತುಗಳ ಮುಖ ಒಂದೊಂದಾಗಿ ಕಣ್ಣ ಮುಂದೆ ಬಂದವು. ಅವುಗಳ ಹಿಂದೆ ಭಾವನವರದು.

"ಏನವ್ವ ಗುಸುಗುಸು?" ಎಂದು ಜಗಲಿಯಿಂದ ಕೇಳಿದರು.

"ಏನಿಲ್ಲ ಕಣಣ್ಣ. ನಿನ್ ಎಗಲಿಲ್ದಿದ್ರೆ ಜೀಪು ಅಲ್ಲೇ ಇರದು ಅಂತಾವ್ರೆ ನಿಮ್ ಬಾವ."

"ಮತ್ತೆ? ನಾನೇನ್ ಸುಮ್ನೆ ತಳ್ದ್ನಾ?" ಎಂದರು. ನೋವಿನ ನಡುವೆಯೂ ಅವರ ದನಿಯಲ್ಲಿ ಹೆಮ್ಮೆ ತುಂಬಿತ್ತು.

ನಾನು ಆರು ಗಂಟೆ ಮೂವತ್ತೈದು ನಿಮಿಷಕ್ಕೆ ಕೊನೆಯ ಹುಳುವನ್ನು ಎತ್ತಿ, ಚಂದ್ರಿಕೆಯ ಮೇಲೆ, ಸಾಲಿನಲ್ಲಿ, ತಲೆ ನೆಟ್ಟಗಿರುವಂತೆ ಇಟ್ಟೆ. ಅದು ತಕ್ಷಣ ತನಗೆ ಬೇಕಾದ ಕಡೆ ತಿರುಗಿಕೊಂಡು ನೂಲತೊಡಗಿತು.